ಹೆಂಚಿನ ಸಾಲಿನಲ್ಲೇ ಸೋಲಾರ್ ಕೂರಿಸಿದ್ದು: ಕೆಲಸದ ಟಿಪ್ಪಣಿ

ಮನೆಯವರದ್ದು ಒಂದೇ ಷರತ್ತು: ಸೋಲಾರ್ ಹಾಕಿಸು, ಆದರೆ ಮಾಡಿನ ಅಂದ ಕೆಡಬಾರದು. ನಮ್ಮದು ಎರಡು ಇಳಿಜಾರಿನ ಹೆಂಚಿನ ಮಾಡು. ಬಿಸಿಲು ಚೆನ್ನಾಗಿ ಬೀಳುವ ಇಳಿಜಾರೇ ಎದುರಿಗೆ ಕಾಣುವುದು, ಹಾಗಾಗಿ ಹಿಂದುಗಡೆ ಬಚ್ಚಿಟ್ಟು ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಈಗ ಕೆಲಸ ಮುಗಿದಿದೆ, ಕರೆಂಟು ಬರುತ್ತಿದೆ, ಒಳಗೆ ನೀರು ಇಳಿದಿಲ್ಲ. ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಪ್ಯಾನೆಲ್ ಮರೆಮಾಡುವುದು ಸುಲಭ, ಮರೆಮಾಡಿದ ಮೇಲೆ ಅದರ ಬೆನ್ನಿಗೆ ಗಾಳಿ ಆಡುವ ಹಾಗೆ ಮಾಡುವುದರಲ್ಲೇ ಬೆವರು ಇಳಿಯುತ್ತದೆ.

ಮೊದಲು ನೋಡಿದ್ದು ಸೋಲಾರ್ ಹೆಂಚು. ಟೆಸ್ಲಾ 2016ರಲ್ಲಿ ತೋರಿಸಿತಲ್ಲ, ಗಾಜಿನ ಹೆಂಚು, ಕೆಲವದರೊಳಗೆ ಕರೆಂಟು ಹುಟ್ಟಿಸುವ ಸೆಲ್ ಇರುತ್ತದೆ, ಕೆಲವು ಬರೀ ಗಾಜು, ಕೆಳಗೆ ನಿಂತು ನೋಡಿದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ನೋಡೋಕೆ ಇದನ್ನು ಮೀರಿಸುವುದು ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ಹೆಂಚು ಚಿಕ್ಕದಾದಷ್ಟೂ ಕನೆಕ್ಟರ್‌ಗಳು ಜಾಸ್ತಿ. ದೊಡ್ಡ ಪ್ಯಾನೆಲ್ ಒಂದಕ್ಕೆ ಒಂದು ಜೋಡಿ ಕನೆಕ್ಟರ್ ಸಾಕು, ಅಷ್ಟೇ ಜಾಗದಲ್ಲಿ ಹೆಂಚು ಹಾಕಿದರೆ ಅದರ ಹಲವು ಪಟ್ಟು ಜೋಡಣೆ ಬರುತ್ತದೆ. ಸೋಲಾರ್‌ನಲ್ಲಿ ಕೈಕೊಡುವುದು ಹೆಚ್ಚಾಗಿ ಸೆಲ್ ಅಲ್ಲ, ಜೋಡಣೆ. ಇನ್ನೊಂದು ಭಯ, ಬಿಡಿಭಾಗದ್ದು. ಡೌ ಕಂಪನಿ ಪವರ್‌ಹೌಸ್ ಅನ್ನುವ ಸೋಲಾರ್ ಶಿಂಗಲ್ ಮಾರುತ್ತಿತ್ತು, 2016ರಲ್ಲಿ ನಿಲ್ಲಿಸಿತು. ಅಷ್ಟು ದೊಡ್ಡ ಕಂಪನಿಯೇ ಕೈಬಿಟ್ಟಿತು ಅಂದರೆ, ಇನ್ನು ಹದಿನೈದು ವರ್ಷ ಬಿಟ್ಟು ಒಂದು ಹೆಂಚು ಒಡೆದಾಗ ಅದೇ ಅಳತೆಯದ್ದು ಎಲ್ಲಿಂದ ತರುವುದು ಹೇಳಿ.

ಮಣ್ಣಿನ ಬಣ್ಣದ ಸೋಲಾರ್ ಹೆಂಚೂ ಇದೆ. ಇಟಲಿಯ ಪಾಂಪೇಯಿಯಲ್ಲಿ, ಆ ಹಳೆಯ ರೋಮನ್ ಊರಿನ ಕೆಲವು ಕಟ್ಟಡಗಳ ಮೇಲೆ, ಥೇಟ್ ಸುಟ್ಟ ಮಣ್ಣಿನ ಹೆಂಚಿನ ಹಾಗೆಯೇ ಕಾಣುವ ಸೋಲಾರ್ ಹಾಕಿದ್ದಾರೆ. ಅಂಥ ಜಾಗಕ್ಕೆ ಅದೇ ಸರಿ. ಆದರೆ ಒಂದು ವಸ್ತು ಕೆಂಪಾಗಿ ಕಾಣುತ್ತಿದೆ ಅಂದರೆ ಕೆಂಪು ಬೆಳಕನ್ನು ಅದು ವಾಪಸ್ ಕಳಿಸುತ್ತಿದೆ ಅಂತ ತಾನೆ? ವಾಪಸ್ ಹೋದ ಬೆಳಕಿನಿಂದ ಕರೆಂಟು ಬರುವುದಿಲ್ಲ. ಬಣ್ಣ ಬೇಕಾದರೆ ಕರೆಂಟು ಬಿಡಬೇಕು, ಇದರಲ್ಲಿ ಚೌಕಾಸಿಗೆ ಜಾಗ ಇಲ್ಲ. ನಮ್ಮ ಇಳಿಜಾರು ಚಿಕ್ಕದು, ಬಿಡುವಷ್ಟು ಇರಲಿಲ್ಲ.

ತಗಡಿನ ಮಾಡಾಗಿದ್ದರೆ ಅಂಟಿಸುವ ಫಿಲ್ಮ್ ಬಗ್ಗೆ ಯೋಚಿಸುತ್ತಿದ್ದೆ. ಎದ್ದು ನಿಂತ ಅಂಚುಗಳಿರುವ ತಗಡಿನಲ್ಲಿ, ಅಂಚು ಅಂಚಿನ ನಡುವಿನ ಸಪಾಟು ಜಾಗಕ್ಕೆ ತೆಳ್ಳಗಿನ ಸೋಲಾರ್ ಪಟ್ಟಿ ಅಂಟಿಸಿದರೆ ನಿಜವಾಗಿಯೂ ಕಾಣುವುದೇ ಇಲ್ಲ. ಆದರೆ ಅದು ತಗಡಿಗೆ ಅಂಟಿಕೊಂಡೇ ಇರುವುದರಿಂದ ಬೆನ್ನಿಗೆ ಗಾಳಿ ಸೊನ್ನೆ, ಅದೇ ಅಳತೆಯ ಮೋನೋ ಪ್ಯಾನೆಲ್‌ಗಿಂತ (ಒಂದೇ ಸಿಲಿಕಾನ್ ಹರಳಿನಿಂದ ಕೊಯ್ದ ಸೆಲ್ಲಿನದ್ದು) ಕರೆಂಟೂ ಕಡಿಮೆ, ಮತ್ತೆ ಕಿತ್ತರೆ ಹರಿದೇ ಬರುತ್ತದೆ.

ಕೊನೆಗೆ ಉಳಿದದ್ದು ಮಾಮೂಲಿ ಪ್ಯಾನೆಲ್. ಅದನ್ನು ಹೆಂಚಿನ ಮೇಲೆ ಕಾಲು ಕೊಟ್ಟು ನಿಲ್ಲಿಸುವ ಬದಲು, ಅಷ್ಟು ಜಾಗದ ಹೆಂಚು ತೆಗೆದು ಅಲ್ಲೇ ಕೂರಿಸುವುದು. ಹೆಂಚಿನ ಮೇಲೆ ನಿಲ್ಲಿಸಿದರೆ ಪ್ಯಾನೆಲ್ ಸುಮಾರು ನಾಲ್ಕು ಇಂಚು ಎದ್ದಿರುತ್ತದೆ. ಆ ಸಂದಿಯ ನೆರಳೇ ದೂರದಿಂದ ಮೊದಲು ಕಣ್ಣಿಗೆ ಬೀಳುವುದು. ಆಮೇಲೆ ಬೆಳ್ಳಿ ಬಣ್ಣದ ಫ್ರೇಮು, ಸೆಲ್‌ಗಳ ನಡುವಿನ ಬಿಳಿ ಚೌಕುಳಿ, ಅಂಚಿನಲ್ಲಿ ಜೋತಾಡುವ ವೈರು. ಬೀದಿಯಲ್ಲಿ ಹೋಗುವಾಗ ಸುಮ್ನೆ ಒಂದೆರಡು ಮಾಡು ನೋಡಿ, ಕಣ್ಣಿಗೆ ಚುಚ್ಚುವುದು ಪ್ಯಾನೆಲ್ಲಿನ ಕಪ್ಪಲ್ಲ, ಈ ಅಂಚುಗಳು.

ಹಾಗಾಗಿ ಪೂರ್ತಿ ಕಪ್ಪು ಮೋನೋ ಪ್ಯಾನೆಲ್ ಆರಿಸಿದೆ. ಫ್ರೇಮು ಕಪ್ಪು, ಹಿಂದಿನ ಹಾಳೆ ಕಪ್ಪು, ಮುಂದಿನ ತಂತಿಗಳು ಕೂದಲಿನಷ್ಟು ತೆಳು, ನಾಲ್ಕು ಮಾರು ದೂರ ಹೋದರೆ ಕಾಣುವುದಿಲ್ಲ. ತಂತಿಯೇ ಬೇಡ ಅನ್ನುವವರಿಗೆ ಬ್ಯಾಕ್ ಕಾಂಟ್ಯಾಕ್ಟ್ ಪ್ಯಾನೆಲ್ ಇದೆ, ಅದರಲ್ಲಿ ಎಲ್ಲ ತಂತಿಯೂ ಸೆಲ್ಲಿನ ಬೆನ್ನಿಗೆ. ನನಗೆ ಅಷ್ಟು ಬೇಕು ಅನ್ನಿಸಲಿಲ್ಲ. 425 ವ್ಯಾಟಿನ ಎಂಟು ಪ್ಯಾನೆಲ್, ಉದ್ದುದ್ದ ನಿಲ್ಲಿಸಿ ನಾಲ್ಕು ನಾಲ್ಕರ ಎರಡು ಸಾಲು, ಒಟ್ಟು 3.4 ಕಿಲೋವ್ಯಾಟ್. ಒಂದೊಂದರ ಅಳತೆ 1722 ಗುಣಿಸು 1134 ಮಿಲಿಮೀಟರ್. ಇನ್ನೊಂದು ಪ್ಯಾನೆಲ್ ತುರುಕಬಹುದಿತ್ತು, ಆದರೆ ಆಗ ಆಕಾರ ಮೆಟ್ಟಿಲು ಮೆಟ್ಟಿಲಾಗುತ್ತಿತ್ತು. ಬೇಡ ಅಂದೆ. ಕೆಂಪು ಮಾಡಿನ ಮೇಲೆ ಕಪ್ಪು ಆಯತ ಕಂಡೇ ಕಾಣುತ್ತದೆ, ಅದನ್ನು ಯಾರೂ ಮಾಯ ಮಾಡಲಾರರು. ಆದರೆ ಅದರ ಅಂಚು ಮಾಡಿನ ಅಂಚಿಗೆ ಸಮವಾಗಿ, ಎರಡು ಬದಿಗೂ ಅಷ್ಟಷ್ಟೇ ಹೆಂಚು ಬಿಟ್ಟು ಕೂತರೆ, ಮಾಡು ಕಟ್ಟುವಾಗಲೇ ಇಟ್ಟ ದೊಡ್ಡ ಗಾಜಿನ ಕಿಟಕಿ ಅನ್ನಿಸುತ್ತದೆ. ಮೂಲೆ ಮುರಿದ ಆಕಾರ ಮಾತ್ರ ಎಷ್ಟು ಚೆನ್ನಾಗಿ ಕೂರಿಸಿದರೂ ತೇಪೆ ಹಚ್ಚಿದ ಹಾಗೇ.

ಹೆಂಚು ತೆಗೆಯುವ ಮೊದಲು ಒಳಗಿನಿಂದ ಮಾಡು ನೋಡಿದ್ದಾಯಿತು. ಪಕ್ಕಾಸುಗಳು, ಅಂದರೆ ನೆತ್ತಿಯಿಂದ ಸೂರಿಗೆ ಇಳಿಯುವ ಮರಗಳು, ಗಟ್ಟಿ ಇದ್ದವು. ಅವುಗಳ ಮೇಲೆ ಹೆಂಚು ಕೂರಲು ಅಡ್ಡ ಹೊಡೆದ ರೀಪುಗಳಲ್ಲಿ ಕೆಲವು ತುದಿ ಕೊಳೆತಿದ್ದವು. ಭಾರದ ಲೆಕ್ಕ ತಮಾಷೆಯಾಗಿದೆ. ಮಣ್ಣಿನ ಹೆಂಚು ಒಂದು ಚದರ ಮೀಟರಿಗೆ ಸುಮಾರು 40 ಕಿಲೋ ಮೇಲೆ ತೂಗುತ್ತದೆ, ಪ್ಯಾನೆಲ್ ಸುಮಾರು 11 ಕಿಲೋ. ಹೆಂಚು ತೆಗೆದು ಪ್ಯಾನೆಲ್ ಕೂರಿಸಿದರೆ ಮಾಡಿಗೆ ಭಾರ ಇಳಿಯುತ್ತದೆ. ಒಳ್ಳೆಯದೇ ಆಯ್ತಲ್ವಾ ಅನ್ನಬೇಡಿ. ಹೆಂಚು ಗಾಳಿಗೆ ಹಾರದೆ ಇರುವುದು ಬಹುಪಾಲು ತನ್ನ ಭಾರದಿಂದಲೇ. ಪ್ಯಾನೆಲ್ ಹಗುರ, ಅಗಲ ಜಾಸ್ತಿ, ಗಾಳಿ ಅಡಿಗೆ ನುಗ್ಗಿದರೆ ಎತ್ತಿಬಿಡುತ್ತದೆ. ಆದ್ದರಿಂದ ಹಿಡಿತದ ಸ್ಕ್ರೂ ಎಲ್ಲವೂ ರೀಪು ದಾಟಿ ಪಕ್ಕಾಸಿನ ಒಳಗೆ ಇಳಿಯಬೇಕು. ಬರೀ ರೀಪಿಗೆ ಹೊಡೆದ ಸ್ಕ್ರೂ ಲೆಕ್ಕಕ್ಕಿಲ್ಲ.

ಸಾರ್ವೆ ಕಟ್ಟಿಸಿ, ಸೊಂಟಕ್ಕೆ ಬೆಲ್ಟು ಬಿಗಿದು, ನೆತ್ತಿಯಿಂದ ಸೂರಿನ ಕಡೆಗೆ ಹೆಂಚು ಇಳಿಸಿದೆವು. ಪಕ್ಕಾಸಿನ ಮೇಲೆ ನೀರು ತಡೆಯುವ ಹೊಸ ಮೆಂಬ್ರೇನ್ ಹಾಳೆ ಹಾಸಿದೆವು. ಸೂರಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಪ್ರತಿ ಮೇಲಿನ ಹಾಳೆ ಕೆಳಗಿನದರ ಮೇಲೆ ಹೊದ್ದುಕೊಳ್ಳಬೇಕು. ಕೊನೆಯ ತುದಿ ಸೂರು ದಾಟಿ ಹೊರಗೆ ಬೀಳಬೇಕು. ಇದು ಮಳೆಗೆ ಮಾತ್ರ ಅಲ್ಲ. ರಾತ್ರಿ ಪ್ಯಾನೆಲ್ ಕೆಳಗೆ ಬರುವ ಟ್ರೇ ತಗಡು ತಣ್ಣಗಾದಾಗ ಅದರ ಅಡಿಗೆ ಇಬ್ಬನಿ ಹಿಡಿಯುತ್ತದೆ, ಬೆಳಗ್ಗೆ ಹನಿಹನಿಯಾಗಿ ಕೆಳಗಿಳಿಯುತ್ತದೆ. ಆ ನೀರಿಗೂ ಹೊರಗೆ ಹೋಗುವ ದಾರಿ ಬೇಕು, ಇಲ್ಲದಿದ್ದರೆ ಮಳೆಗಾಲ ಬರುವ ಮೊದಲೇ ರೀಪು ಕೊಳೆಯಲು ಶುರುವಾಗುತ್ತದೆ.

ಈಗ ಗಾಳಿಯ ವಿಷಯ. ಪ್ಯಾನೆಲ್ಲಿನ ವ್ಯಾಟ್ ಅಳೆಯುವುದು ಸೆಲ್ 25 ಡಿಗ್ರಿ ಇದ್ದಾಗ. ನಿಜವಾದ ಬಿಸಿಲಿನಲ್ಲಿ ಸೆಲ್ ಅಷ್ಟು ತಣ್ಣಗೆ ಇರುವುದೇ ಇಲ್ಲ. ನಾನು ತಂದ ಪ್ಯಾನೆಲ್ಲಿಗೆ ಅದಕ್ಕಿಂತ ಮೇಲೆ ಹೋದ ಪ್ರತಿ ಡಿಗ್ರಿಗೂ ಶೇಕಡಾ 0.30ರಷ್ಟು ಕರೆಂಟು ಕಡಿಮೆ ಅಂತ ಹಿಂದಿನ ಚೀಟಿಯಲ್ಲೇ ಬರೆದಿದೆ. ಹೊರಗೆ 30 ಡಿಗ್ರಿ, ಒಳ್ಳೆ ಬಿಸಿಲು ಅಂದುಕೊಳ್ಳಿ. ಕಾಲು ಕೊಟ್ಟು ನಿಲ್ಲಿಸಿದ ಪ್ಯಾನೆಲ್ 60ರ ಆಸುಪಾಸು ಇರುತ್ತದೆ. ಅದೇ ಪ್ಯಾನೆಲ್ಲನ್ನು ಗಾಳಿ ಇಲ್ಲದೆ ಮಾಡಿನೊಳಗೆ ಮುಚ್ಚಿಟ್ಟರೆ 75 ಮುಟ್ಟಿದರೂ ಆಶ್ಚರ್ಯವಿಲ್ಲ. ಹದಿನೈದು ಡಿಗ್ರಿಗೆ ಶೇಕಡಾ ನಾಲ್ಕೂವರೆ ನಷ್ಟ, ದಿನಾ. ಅದೂ ಅಲ್ಲದೆ ಕನೆಕ್ಟರ್, ಜಂಕ್ಷನ್ ಬಾಕ್ಸ್, ವೈರಿನ ಹೊದಿಕೆ ಎಲ್ಲವೂ ಆ ಬಿಸಿಯಲ್ಲೇ ಬೇಯುತ್ತಿರುತ್ತವೆ.

ಅದಕ್ಕೆ ಮಾಡಿದ್ದು ಇಷ್ಟು. ಮೆಂಬ್ರೇನ್ ಮೇಲೆ, ಪ್ರತಿ ಪಕ್ಕಾಸಿನ ನೇರಕ್ಕೆ, ಸೂರಿನಿಂದ ನೆತ್ತಿಯವರೆಗೆ 50 ಮಿಲಿಮೀಟರ್ ದಪ್ಪದ ಉದ್ದನೆ ಪಟ್ಟಿ. ಅದರ ಮೇಲೆ ಅಡ್ಡ ರೀಪು. ಈ ಉದ್ದ ಪಟ್ಟಿಗಳ ನಡುವೆ ಗಾಳಿಗೆ ತಡೆ ಇಲ್ಲದ ಓಣಿ ಸಿಗುತ್ತದೆ. ಸೂರಿನಲ್ಲಿ ಗಾಳಿ ಒಳಗೆ ಬರುವ ಬಾಯಿ, ಅದಕ್ಕೆ ಸ್ಟೀಲ್ ಜಾಲರಿ. ಇಲಿ, ಜೇನು ಎರಡಕ್ಕೂ ಇಂಥ ಬೆಚ್ಚಗಿನ ಓಣಿ ಅಂದರೆ ಬಲು ಇಷ್ಟ. ಮೇಲೆ ನೆತ್ತಿಯ ಹೆಂಚಿನ ಅಡಿಗೆ ಗಾಳಿ ಹೊರಗೆ ಹೋಗುವ ಸಂದಿ, ಮಳೆ ನುಗ್ಗದ ಹಾಗೆ ಮಡಿಕೆ ತಗಡು. ಹೀಗೆ ಎತ್ತರಿಸಿದ್ದರಿಂದ ಪ್ಯಾನೆಲ್ ಹೆಂಚಿಗಿಂತ ಒಂದು ಬೆರಳು ಮೇಲೆ ಕೂತಿತು. ಇನ್ನೂ ಇಳಿಸಿ ಪೂರ್ತಿ ಸಮ ಮಾಡಬಹುದಿತ್ತು. ಒಂದು ಬೆರಳು ಯಾರ ಕಣ್ಣಿಗೂ ಕಾಣುವುದಿಲ್ಲ, ಗಾಳಿಗೆ ಮಾತ್ರ ಅದು ದೊಡ್ಡ ವಿಷಯ, ಹಾಗಾಗಿ ಬಿಟ್ಟೆ.

ಈ ಓಣಿ ಕೆಲಸ ಮಾಡುತ್ತದೋ ಇಲ್ಲವೋ ಅಂತ ನೋಡಲು ಎರಡು ಸೆನ್ಸರ್ ಅಂಟಿಸಿದ್ದೆ, ಒಂದು ಕೆಳಸಾಲಿನ ಪ್ಯಾನೆಲ್ ಬೆನ್ನಿಗೆ, ಇನ್ನೊಂದು ಮೇಲಿನ ಸಾಲಿನ ಬೆನ್ನಿಗೆ. ಪ್ಯಾನೆಲ್ ಎಲ್ಲ ಕೂತ ಮೇಲೆ ಬೇಕಂತಲೇ ನೆತ್ತಿಯ ಸಂದಿಯನ್ನು ಹಲಗೆಯಿಂದ ಮುಚ್ಚಿಟ್ಟು ಒಂದು ಮಧ್ಯಾಹ್ನ ಅಳೆದೆ. ಕೆಳಗೆ 60, ಮೇಲೆ 71 ಡಿಗ್ರಿ. ಗಾಳಿ ಬಿಸಿಯಾಗುತ್ತಾ ಮೇಲಕ್ಕೆ ಹೋಗುತ್ತದೆ, ಮೇಲಿನ ಸಾಲಿಗೆ ಸಿಗುವುದು ಕೆಳಗಿನವರು ಬಳಸಿ ಬಿಟ್ಟ ಬಿಸಿ ಗಾಳಿ. ಹಲಗೆ ತೆಗೆದು ಸೂರಿನ ಬಾಯಿಯ ಹತ್ತಿರ ಊದುಬತ್ತಿ ಹಿಡಿದರೆ ಹೊಗೆ ನೇರ ಒಳಗೆ ಎಳೆದುಕೊಂಡು ಹೋಯಿತು. ಅದೇ ಥರದ ಬಿಸಿಲಿನಲ್ಲಿ ಮತ್ತೆ ನೋಡಿದಾಗ ಮೇಲಿನ ಸಾಲು 64. ಏಳು ಡಿಗ್ರಿ, ಅಂದರೆ ಆ ಸಾಲಿಗೆ ಶೇಕಡಾ ಎರಡು. ಒಂದು ಸಂದಿ ಬಿಟ್ಟಿದ್ದಕ್ಕೆ ಸಿಕ್ಕಿದ್ದು ಇದು.

ಟ್ರೇ ವಿಷಯದಲ್ಲಿ ಒಂದು ಅಭಿಪ್ರಾಯ ಇದೆ, ಎಲ್ಲರೂ ಒಪ್ಪದಿರಬಹುದು. ಪ್ಯಾನೆಲ್ ಅಡಿಗೆ ನೀರು ತಡೆಯುವ ಟ್ರೇ ಪ್ಲಾಸ್ಟಿಕ್ಕಿನದ್ದೂ ಬರುತ್ತದೆ, ಅಲ್ಯೂಮಿನಿಯಂ ತಗಡಿನದ್ದೂ ಬರುತ್ತದೆ. ಪ್ಲಾಸ್ಟಿಕ್ ಹಗುರ, ಬೇಗ ಕೂರುತ್ತದೆ. ನಾನು ತಗಡೇ ತಂದೆ. ಪ್ಯಾನೆಲ್‌ನಿಂದ ಬರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಅದರ ಕನೆಕ್ಟರ್ ಸಡಿಲಾಗಿ ಕಿಡಿ ಹತ್ತಿದರೆ ಅದು ಮನೆಯ ಎಸಿ ಕರೆಂಟಿನ ಹಾಗೆ ತಾನಾಗಿ ಆರುವುದು ಕಷ್ಟ, ಉರಿಯುತ್ತಲೇ ಇರುತ್ತದೆ. ಮೇಲೆ ನಿಲ್ಲಿಸಿದ ಪ್ಯಾನೆಲ್ಲಿನ ಅಡಿಗೆ ಮಣ್ಣಿನ ಹೆಂಚು ಇರುತ್ತದೆ, ಅದು ಸುಡುವುದಿಲ್ಲ. ಒಳಗೆ ಕೂರಿಸಿದ್ದರ ಅಡಿಗೆ ಇರುವುದು ಮರ. ಅಂಥ ಕಡೆ ಕನೆಕ್ಟರ್ ಕೆಳಗೆ ಉರಿಯುವ ವಸ್ತು ಇರಕೂಡದು ಅನ್ನುವುದು ನನ್ನ ಲೆಕ್ಕ.

ಫ್ಲ್ಯಾಶಿಂಗ್ ತಗಡು, ಅಂದರೆ ಪ್ಯಾನೆಲ್ಲಿಗೂ ಹೆಂಚಿಗೂ ನಡುವೆ ನೀರು ಇಳಿಯದ ಹಾಗೆ ಹಾಕುವ ತಗಡು, ಬೇಗ ಹೇಳಿ ಮುಗಿಸುತ್ತೇನೆ. ಕೆಳಗಿನ ಅಂಚಿಗೆ ಬಗ್ಗುವ ಪಟ್ಟಿ, ಅದನ್ನು ಹೆಂಚಿನ ಏರುತಗ್ಗಿಗೆ ಸರಿಯಾಗಿ ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಬೇಕು. ಎರಡು ಬದಿಗೆ ಅಂಚು ಮಡಚಿದ ಕಾಲುವೆ ತಗಡು, ಹೆಂಚು ಅದರ ಮೇಲೆ ಬರಬೇಕು, ನಡುವೆ ಫೋಮ್ ಪಟ್ಟಿ. ಮೇಲಿನ ಅಂಚಿನ ತಗಡು ಮೇಲಿನ ಹೆಂಚಿನ ಅಡಿಗೆ ಹೋಗಬೇಕು. ಬದಿಯಲ್ಲಿ ಹೆಂಚು ಕತ್ತರಿಸುವಾಗ ಸಣ್ಣ ಚೂರು ಉಳಿಯದ ಹಾಗೆ ಮೊದಲೇ ನೂಲು ಹಿಡಿದು ಅಳತೆ ಹಾಕಿಕೊಳ್ಳಿ. ಮೂರು ಬೆರಳಿನ ಹೆಂಚಿನ ಚೂರಿಗೆ ಹಿಡಿತ ಇರುವುದಿಲ್ಲ, ನೋಡೋಕೂ ಕೆಟ್ಟದು.

ಪ್ಯಾನೆಲ್ ಮೇಲೇರಿಸುವ ಮೊದಲು ಎಂಟನ್ನೂ ಸಾಲಾಗಿ ಗೋಡೆಗೆ ಒರಗಿಸಿ, ಸಂಜೆಯ ಓರೆ ಬಿಸಿಲಿನಲ್ಲಿ ದೂರ ನಿಂತು ನೋಡಿದೆ. ಇದು ಯಾರೂ ಹೇಳಿಕೊಡದ ಕೆಲಸ, ಆದರೆ ಮಾಡಲೇಬೇಕು. ನೆತ್ತಿ ಮೇಲಿನ ಬಿಸಿಲಿನಲ್ಲಿ ಎಲ್ಲವೂ ಒಂದೇ ಕಪ್ಪು. ಬೆಳಕು ಓರೆಯಾದಾಗ ಎರಡು ಪ್ಯಾನೆಲ್ ಸ್ವಲ್ಪ ನೇರಳೆ ಹೊಡೆಯುತ್ತಿದ್ದವು. ಸೆಲ್ಲಿನ ಮೇಲೆ ಬೆಳಕು ವಾಪಸ್ ಹೋಗದಂತೆ ಹಾಕುವ ಲೇಪನ ಇರುತ್ತದಲ್ಲ, ಅದರ ದಪ್ಪ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ, ಅದರಲ್ಲಿ ಚೂರು ಹೆಚ್ಚುಕಡಿಮೆಯಾದರೂ ಬಣ್ಣ ಬದಲಾಗುತ್ತದೆ. ಕರೆಂಟಿಗೆ ತೊಂದರೆ ಇಲ್ಲ. ಆ ಎರಡನ್ನೂ ಮೇಲಿನ ಸಾಲಿನ ಎರಡು ತುದಿಗೆ ಹಾಕಿದೆ. ನಡುವೆ ಒಂದು ಬಂದಿದ್ದರೆ ಪ್ರತಿ ಸಂಜೆ ಅದೇ ಕಣ್ಣಿಗೆ ಬೀಳುತ್ತಿತ್ತು.

ವೈರಿಂಗ್ ಮಾಡುವಾಗ ನೆನಪಿಡಬೇಕಾದ್ದು, ಒಂದು ಸಲ ಮುಚ್ಚಿದರೆ ಮತ್ತೆ ಕೈ ಹಾಕುವುದು ಕಷ್ಟ. ಪ್ಲಾಸ್ಟಿಕ್ ಟೈ ಒಂದೂ ಬಳಸಲಿಲ್ಲ, ಆ ಬಿಸಿಗೆ ಕೆಲವೇ ವರ್ಷದಲ್ಲಿ ಪುಡಿಯಾಗುತ್ತದೆ, ವೈರು ತಗಡಿನ ಅಂಚಿಗೆ ಬಿದ್ದು ಉಜ್ಜುತ್ತದೆ. ಎಲ್ಲ ಸ್ಟೀಲ್ ಕ್ಲಿಪ್ಪು. ಎಂಸಿ4 ಕನೆಕ್ಟರ್ (ಪ್ಯಾನೆಲ್ ವೈರುಗಳನ್ನು ಜೋಡಿಸುವ ಮಾಮೂಲಿ ಪ್ಲಗ್ಗು) ಎರಡೂ ಬದಿಗೆ ಒಂದೇ ಕಂಪನಿಯದ್ದು ಇರಬೇಕು. ಬೇರೆ ಬೇರೆ ಕಂಪನಿಯದ್ದು ಒಂದಕ್ಕೊಂದು ಟಕ್ ಅಂತ ಕೂರುತ್ತವೆ, ಮೋಸ ಇರುವುದೇ ಅಲ್ಲಿ. ಒಳಗಿನ ಲೋಹ ಸರಿಯಾಗಿ ಕೂಡದೆ ನಿಧಾನಕ್ಕೆ ಬಿಸಿಯಾಗುತ್ತಾ ಹೋಗುತ್ತದೆ. ಕ್ರಿಂಪ್ ಮಾಡಿದ ಮೇಲೆ, ಅಂದರೆ ವೈರಿನ ತುದಿಗೆ ಲೋಹದ ಮುಳ್ಳನ್ನು ಒತ್ತಿ ಬಿಗಿದ ಮೇಲೆ, ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಎಳೆದು ನೋಡಿ. ಪ್ಲಸ್, ಮೈನಸ್ ವೈರುಗಳು ಜೊತೆಜೊತೆಯಾಗಿ ಹೋಗಬೇಕು. ಒಂದು ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ ದೊಡ್ಡ ಸುತ್ತು ಹಾಕಿದರೆ, ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದಾಗ ಆ ಸುತ್ತಿನೊಳಗೆ ವೋಲ್ಟೇಜ್ ಹುಟ್ಟಿ ಇನ್ವರ್ಟರ್ ಹೊಡೆದುಕೊಂಡು ಹೋಗುತ್ತದೆ.

ಆಪ್ಟಿಮೈಸರ್ ಹಾಕಲಿಲ್ಲ. ಒಂದು ಪ್ಯಾನೆಲ್ಲಿಗೆ ನೆರಳು ಬಿದ್ದರೆ ಉಳಿದವುಗಳ ಕರೆಂಟು ಕೆಡದ ಹಾಗೆ ನೋಡಿಕೊಳ್ಳುವ ಡಬ್ಬಿ ಅದು. ನಮ್ಮ ಇಳಿಜಾರಿನ ಮೇಲೆ ಮರದ ನೆರಳೂ ಇಲ್ಲ, ಚಿಮಣಿಯದ್ದೂ ಇಲ್ಲ. ನೆರಳಿಲ್ಲದ ಕಡೆ ಪ್ಯಾನೆಲ್ ಬೆನ್ನಿಗೆ ಒಂದೊಂದು ಎಲೆಕ್ಟ್ರಾನಿಕ್ ಡಬ್ಬಿ ಕಟ್ಟಿ 60 ಡಿಗ್ರಿಯಲ್ಲಿ ಬೇಯಿಸುವುದರಲ್ಲಿ ಅರ್ಥ ಕಾಣಲಿಲ್ಲ. ಆದರೆ ಕೆಲವು ದೇಶಗಳಲ್ಲಿ ಮಾಡಿನ ಮೇಲಿನ ಡಿಸಿಯನ್ನು ತಕ್ಷಣ ಇಳಿಸುವ ವ್ಯವಸ್ಥೆ ಕಡ್ಡಾಯ. ಅಲ್ಲಿ ಇರುವವರಿಗೆ ಬೇರೆ ದಾರಿಯಿಲ್ಲ.

ಅರ್ಥಿಂಗ್‌ನಲ್ಲಿ ಒಂದು ಸಣ್ಣ ವಿಷಯ ಹೇಳಲೇಬೇಕು. ಕಪ್ಪು ಫ್ರೇಮಿನ ಆ ಕಪ್ಪು ಬಣ್ಣ ಇರುವುದು ಆನೊಡೈಸ್ ಮಾಡಿದ ಪದರದಲ್ಲಿ (ಅಲ್ಯೂಮಿನಿಯಂ ಮೇಲೆ ಬೆಳೆಸಿದ ಗಟ್ಟಿ ಆಕ್ಸೈಡ್), ಅದರ ಮೂಲಕ ಕರೆಂಟು ಹರಿಯುವುದಿಲ್ಲ. ಮಲ್ಟಿಮೀಟರಿನ ಎರಡು ಮುಳ್ಳನ್ನು ಒಂದೇ ಫ್ರೇಮಿನ ಎರಡು ಕಡೆ ಇಟ್ಟರೆ ಮೀಟರು ಕೂಗುವುದೇ ಇಲ್ಲ, ಒಂದೇ ಲೋಹದ ತುಂಡಾದರೂ! ಮಾಮೂಲಿ ವಾಷರ್ ಹಾಕಿ ಬೋಲ್ಟು ಎಷ್ಟೇ ಬಿಗಿದರೂ ಅರ್ಥ್ ಸಿಗುವುದಿಲ್ಲ. ಹಲ್ಲಿರುವ ವಾಷರ್ ಬೇಕು, ಬಿಗಿಯುವಾಗ ಅದು ಪದರ ಕಚ್ಚಿ ಒಳಗಿನ ಅಲ್ಯೂಮಿನಿಯಂ ಮುಟ್ಟುತ್ತದೆ. ಪ್ರತಿ ಪ್ಯಾನೆಲ್ಲಿಗೂ ಮೀಟರ್ ಹಿಡಿದು ಕೂಗಿಸಿಯೇ ಮುಂದಕ್ಕೆ ಹೋದೆ.

ಎಂಟೂ ಸೇರಿಸಿ ಸ್ಟ್ರಿಂಗ್ (ಒಂದರ ಹಿಂದೆ ಒಂದು ವೈರು ಜೋಡಿಸಿದ ಪ್ಯಾನೆಲ್ ಸರಪಳಿ) ಅಳೆದಾಗ 282 ವೋಲ್ಟ್ ಬಂತು. ಚೀಟಿಯ ಪ್ರಕಾರ ಒಂದಕ್ಕೆ 38.5, ಎಂಟಕ್ಕೆ 308 ಇರಬೇಕಲ್ವಾ? ಜೊತೆಗಿದ್ದ ಹುಡುಗ ಒಂದು ಕನೆಕ್ಟರ್ ಕೂತಿಲ್ಲ ಅಂತ ಎಲ್ಲ ಬಿಚ್ಚಲು ಹೊರಟಿದ್ದ. ಕನೆಕ್ಟರ್ ಕೂರದಿದ್ದರೆ ಸೊನ್ನೆ ಬರಬೇಕು, ಒಂದು ಪ್ಯಾನೆಲ್ ಉಲ್ಟಾ ಆಗಿದ್ದರೆ ಎರಡು ಪ್ಯಾನೆಲ್ಲಿನಷ್ಟು ಕಳೆದುಹೋಗಬೇಕು. ಇದು ಎರಡೂ ಅಲ್ಲ. ಬೆನ್ನಿನ ಸೆನ್ಸರ್ 58 ತೋರಿಸುತ್ತಿತ್ತು. 25ಕ್ಕಿಂತ 33 ಡಿಗ್ರಿ ಮೇಲೆ, ವೋಲ್ಟೇಜಿಗೆ ಡಿಗ್ರಿಗೆ ಶೇಕಡಾ 0.25, ಅಂದರೆ ಸುಮಾರು 25 ವೋಲ್ಟ್ ಇಳಿಕೆ. 308ರಲ್ಲಿ 25 ಕಳೆದರೆ 283. ಎಲ್ಲ ಸರಿ ಇದೆ. ಇದೇ ಲೆಕ್ಕವನ್ನು ಉಲ್ಟಾ ಕೂಡ ಹಾಕಿ ನೋಡಬೇಕು: ಚಳಿಯ ಬೆಳಗ್ಗೆ ಸೊನ್ನೆ ಡಿಗ್ರಿಯಲ್ಲಿ ಇದೇ ಸ್ಟ್ರಿಂಗ್ 327 ಮುಟ್ಟುತ್ತದೆ, ಇನ್ವರ್ಟರಿನ ಗರಿಷ್ಠ ಮಿತಿ ಅದಕ್ಕಿಂತ ಮೇಲೆ ಇರಬೇಕು. ಆಮೇಲೆ ಮೆಗ್ಗರ್ ಅನ್ನುವ ಮೀಟರಿನಿಂದ 500 ವೋಲ್ಟಿನಲ್ಲಿ ವೈರಿಗೂ ಅರ್ಥಿಗೂ ನಡುವಿನ ಇನ್ಸುಲೇಶನ್ ನೋಡಿದ್ದಾಯಿತು. ಕನಿಷ್ಠ 1 ಮೆಗಾಓಮ್ ಬೇಕು, ನಮ್ಮದು ಅದಕ್ಕಿಂತ ಎಷ್ಟೋ ಮೇಲಿತ್ತು. ಬೆಳಕಿರುವಷ್ಟು ಹೊತ್ತೂ ಈ ವೈರುಗಳಲ್ಲಿ ಜೀವ ಇರುತ್ತದೆ, ಸ್ವಿಚ್ ಆಫ್ ಮಾಡಿದರೆ ಹೋಗುವಂಥದ್ದಲ್ಲ. ಕೈಗವಸು ಇಲ್ಲದೆ, ಗೊತ್ತಿರುವ ಎಲೆಕ್ಟ್ರಿಷಿಯನ್ ಇಲ್ಲದೆ ಈ ಹಂತಕ್ಕೆ ಕೈ ಹಾಕಬೇಡಿ.

ನೀರಿನ ಪರೀಕ್ಷೆಗೆ ಪೈಪು ಹಿಡಿದು ಸೂರಿನ ಕಡೆಯಿಂದ ಶುರು ಮಾಡಿದೆವು. ಕೆಳ ಅಂಚಿಗೆ ಒಂದಷ್ಟು ಹೊತ್ತು, ಆಮೇಲೆ ಬದಿ, ಕೊನೆಗೆ ಮೇಲಿನ ಅಂಚು. ಒಳಗೆ ಒಬ್ಬರು ಟಾರ್ಚ್ ಹಿಡಿದು ಮರ ನೋಡುತ್ತಿರಬೇಕು. ಮೇಲಿನಿಂದ ಒಮ್ಮೆಲೇ ನೀರು ಬಿಟ್ಟರೆ ಸೋರಿದ್ದು ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ಪೈಪನ್ನು ಕೆಳಗಿನಿಂದ ಮೇಲಕ್ಕೆ ಮುಖ ಮಾಡಿ ಚಿಮ್ಮಿಸಬೇಡಿ, ಹಾಗೆ ಹೊಡೆದರೆ ಎಂಥ ಹೆಂಚಿನ ಮಾಡೂ ಸೋರುತ್ತದೆ.

ಮಳೆ ನೋಡಿಕೊಂಡ ಮೇಲೆ ಗೊತ್ತಾದದ್ದು, ತೊಂದರೆ ಬರುವುದಿದ್ದರೆ ಬದಿಯ ಕಾಲುವೆ ತಗಡಿನಲ್ಲೇ. ಒಣಗಿದ ಎಲೆ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಎಲೆಯ ಹಿಂದೆ ಧೂಳು, ಧೂಳಿನ ಹಿಂದೆ ಪಾಚಿ, ಕೊನೆಗೆ ನೀರು ಅಂಚು ದಾಟುತ್ತದೆ. ಎಲೆ ಉದುರುವ ಕಾಲ ಮುಗಿದ ಮೇಲೆ ಉದ್ದ ಕೋಲಿಗೆ ಬ್ರಷ್ ಕಟ್ಟಿ ಒಂದು ಸಲ ಎಳೆದರೆ ಆಯಿತು. ಪ್ಯಾನೆಲ್ಲಿನ ಕೆಳ ಫ್ರೇಮಿನ ಅಂಚಿನಲ್ಲಿ ಧೂಳಿನ ಗೆರೆ ಕಟ್ಟುತ್ತದೆ. ನಮ್ಮ ಮಾಡಿನ ಇಳಿಜಾರು ಚೆನ್ನಾಗಿರುವುದರಿಂದ ಮಳೆಯೇ ತೊಳೆಯುತ್ತದೆ, ಇಳಿಜಾರು ಕಡಿಮೆ ಇರುವವರು ಅಲ್ಲಿ ನೀರು ಇಳಿಸುವ ಸಣ್ಣ ಕ್ಲಿಪ್ ಸಿಕ್ಕಿಸಿಕೊಳ್ಳಿ.

ಅದೇ ಬ್ಯಾಚಿನ ಎರಡು ಪ್ಯಾನೆಲ್ ಜಾಸ್ತಿ ತರಿಸಿ, ಬಿಸಿಲು ತಾಗದ ಕಡೆ ನಿಲ್ಲಿಸಿಟ್ಟಿದ್ದೇನೆ. ಪ್ಯಾನೆಲ್ ಅಳತೆಗಳು ವರ್ಷ ವರ್ಷ ಬದಲಾಗುತ್ತಿವೆ. ಕಾಲು ಕೊಟ್ಟು ನಿಲ್ಲಿಸಿದ್ದಾದರೆ ಅಳತೆ ಸ್ವಲ್ಪ ಆಚೀಚೆಯಾದರೂ ನಡೆಯುತ್ತದೆ, ಟ್ರೇಯೊಳಗೆ ಕೂರಿಸಿದ್ದಕ್ಕೆ ಹತ್ತು ಮಿಲಿಮೀಟರ್ ಹೆಚ್ಚಾದರೂ ಕೂರುವುದಿಲ್ಲ. ಕೊಳ್ಳುವ ಮೊದಲು ಇನ್ನೊಂದು ಕೇಳಿಕೊಳ್ಳಿ: ನಡುವಿನ ಒಂದು ಪ್ಯಾನೆಲ್ ಕೆಟ್ಟರೆ ಅಕ್ಕಪಕ್ಕದ್ದು ಬಿಚ್ಚದೆ ಅದೊಂದನ್ನೇ ಎತ್ತಲು ಆಗುತ್ತದಾ? ನಾನು ತಂದ ಕ್ಲಾಂಪಿನಲ್ಲಿ ಆಗುತ್ತದೆ, ಕೂರಿಸಿದ ಮೇಲೆ ಒಂದನ್ನು ಎತ್ತಿ ಮತ್ತೆ ಇಟ್ಟು ನೋಡಿಯೇ ಬಿಲ್ಲು ಚುಕ್ತಾ ಮಾಡಿದ್ದು. ಇಳಿಸಿದ ಹೆಂಚುಗಳಲ್ಲಿ ಒಡೆಯದ್ದನ್ನೆಲ್ಲ ಮನೆ ಹಿಂದೆ ಒಪ್ಪವಾಗಿ ಜೋಡಿಸಿದ್ದೇನೆ. ಅದೇ ಅಚ್ಚಿನ ಹೆಂಚು ಈಗಲೇ ಸಿಗುವುದು ಕಷ್ಟ, ಹಿಂದಿನ ಇಳಿಜಾರಿನಲ್ಲಿ ಆಗಲೇ ಬಿರುಕು ಬಿಟ್ಟ ಕೆಲವು ಇದ್ದವು, ಅವನ್ನು ಇದರಿಂದಲೇ ಬದಲಾಯಿಸಿದ್ದಾಯಿತು.